ಎರಕಗಾರನ ಕಥೆ ಬರೆದ ಹುಡುಗನಿಗೆ

ಪ್ರೀತಿಯ ತಮ್ಮ,

ನೈಜೀರಿಯಾದ ಬೆನಿನ್ ನಗರದ ಹಿತ್ತಾಳೆ ಎರಕಗಾರನ ಮೇಲೆ ಕನ್ನಡದಲ್ಲೊಂದು ಕಥೆ! ಹಸ್ತಪ್ರತಿ ಕಂಡೇ ಖುಷಿಯಾಯಿತು. ಕಾಗುಣಿತ, ಪ್ರಕಾಶಕರು ಎಲ್ಲ ಆಮೇಲೆ. ಕುಲುಮೆಯ ದೃಶ್ಯಕ್ಕೆ ಮಾತ್ರ ಸಿಟ್ಟು ಬಂತು. ಬರೀ ಹೊಗೆ, ಕತ್ತಲೆ, ಡೋಲು. ಆಫ್ರಿಕಾ ಎಂದ ಕೂಡಲೇ ನಮ್ಮವರು ಹೀಗೇ ಬರೆಯುತ್ತಾರೆ, ಕೆಲಸ ತಿಳಿದುಕೊಳ್ಳುವ ಶ್ರಮ ತಪ್ಪುತ್ತದೆ ನೋಡು.

ಹಿತ್ತಾಳೆಯ ತಲೆ ಎರೆಯಲು ಮೊದಲು ಮಣ್ಣಿನ ತಿರುಳು ಮಾಡಿ ಒಣಗಿಸುತ್ತಾರೆ. ಅದರ ಮೇಲೆ ಜೇನುಮೇಣ. ಮೇಣ ಎಷ್ಟು ದಪ್ಪವೋ ಲೋಹವೂ ಅಷ್ಟೇ ದಪ್ಪ. ಕಣ್ಣು, ತುಟಿ, ಕೊರಳಿನ ಹವಳದ ಸರ ಎಲ್ಲ ಮೂಡುವುದು ಮೇಣದಲ್ಲೇ. ನಿನ್ನ ನಾಯಕ ಹಿತ್ತಾಳೆಗೆ ಉಳಿಯಿಟ್ಟು ಮುಖ ಕೆತ್ತುತ್ತಾನಲ್ಲ, ಅದು ಬೇಡ. ಎರಕದ ಮೇಲೆ ಉಳಿಯುವುದು ಉಜ್ಜುವ, ತಿದ್ದುವ ಕೆಲಸ. ಲೋಹ ಇಳಿಯಲು, ಗಾಳಿ ಹೊರಹೋಗಲು ಮೇಣದ ಕಡ್ಡಿಗಳನ್ನು ಅಂಟಿಸಬೇಕು. ಆಮೇಲೆ ನುಣ್ಣನೆಯ ಮಣ್ಣು, ಸಣ್ಣ ಗೆರೆಯನ್ನೂ ಹಿಡಿಯುವುದು ಅದೇ. ಅದರ ಮೇಲೆ ಒರಟು ಮಣ್ಣು. ಇದೇ ಅಚ್ಚು. ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ, ಆ ಖಾಲಿ ಜಾಗಕ್ಕೇ ಲೋಹ ಹೊಯ್ಯುವುದು. ಆಗ ತಿರುಳನ್ನು ಹಿಡಿದಿಡುವುದು ಕಬ್ಬಿಣದ ಮೊಳೆಗಳು. ಮೊಳೆಯಿಲ್ಲದೆ ತಿರುಳು ಜರುಗಿದರೆ ಒಂದು ಕೆನ್ನೆ ದಪ್ಪ, ಇನ್ನೊಂದರಲ್ಲಿ ತೂತು. ಅಚ್ಚಿನಲ್ಲಿ ತೇವ ಉಳಿದಿದ್ದರೆ ಕರಗಿದ ಹಿತ್ತಾಳೆ ತಾಗಿದೊಡನೆ ಉಗಿಯೆದ್ದು ಸಿಡಿಯುತ್ತದೆ. ಅಚ್ಚು ತಣ್ಣಗಿದ್ದರೆ ಲೋಹ ಅರ್ಧದಾರಿಯಲ್ಲೇ ಗಟ್ಟಿಯಾಗುತ್ತದೆ. ಅಚ್ಚನ್ನು ಒಡೆದೇ ಎರಕ ತೆಗೆಯಬೇಕು. ನೀನೋ ಒಂದೇ ಅಚ್ಚಿನಿಂದ ಎರಡು ತಲೆ ತೆಗೆಸಿದ್ದೀಯ, ಮಾರಾಯ!

ಇಷ್ಟೆಲ್ಲ ಕೆಡಬಹುದಾದ ಕೆಲಸಕ್ಕೆ ಕೈಹಾಕುವವರು ಬೆನಿನ್ ನಗರದ ಎರಕಗಾರರ ಬೀದಿಯಾದ ಇಗುನ್‌ನ ಜನ. ಕಬ್ಬಿಣಕ್ಕೆ, ಬೆಂಕಿಯ ಕೆಲಸದವರಿಗೆ ಒಡೆಯನಾದ ಓಗುನ್ ದೇವರಿಗೆ ಅವರು ಬಲಿ ಕೊಡುತ್ತಾರೆ. ನೀನು ಅದನ್ನು ಕೊನೆಯ ಪುಟಕ್ಕೆ ತಳ್ಳಿ, ಹಬ್ಬದ ಕುಣಿತದ ಜೊತೆ ಸೇರಿಸಿದ್ದೀಯ. ಅಲ್ಲಿಂದ ಎತ್ತಿ ಕುಲುಮೆಯ ಪಕ್ಕ ಇಡು. ಅಚ್ಚು ಒಣಗಿದೆಯೇ ಎಂದು ಮುಟ್ಟಿನೋಡುವ ಕೈಯೇ ದೇವರಿಗೂ ಮುಗಿಯಲಿ.

ಇನ್ನು ಆ ತಲೆ. ಅದು ಗೋಡೆಯ ಅಲಂಕಾರಕ್ಕಲ್ಲ. ಪಟ್ಟಕ್ಕೆ ಬಂದ ಓಬಾ, ಅಂದರೆ ಅಲ್ಲಿಯ ಅರಸ, ತೀರಿಹೋದ ತಂದೆಯ ಪೂಜಾವೇದಿಕೆಗಾಗಿ ಮಾಡಿಸುವಂಥದ್ದು. ನೆತ್ತಿಯ ತೂತಿನಲ್ಲಿ ಕೆತ್ತಿದ ಆನೆದಂತ ನಿಲ್ಲುತ್ತದೆ. 1897ರಲ್ಲಿ ಬ್ರಿಟಿಷ್ ಸೇನೆ ಅರಮನೆಯನ್ನು ದೋಚಿ, ಓಬಾ ಓವೊನ್ರಾಮ್ವೆನ್‌ರನ್ನು ಕಲಬಾರ್ ಪಟ್ಟಣಕ್ಕೆ ಗಡೀಪಾರು ಮಾಡಿತು. ಆಗ ವೇದಿಕೆಗಳೇ ಬರಿದಾದವು. ನಿನ್ನ ಕಥೆಯಲ್ಲಿ ಇದಕ್ಕೆ ಸಿಕ್ಕಿದ್ದು ಒಂದೇ ಸಾಲು, ಅದೂ ಲಂಡನ್ನಿನ ಮ್ಯೂಸಿಯಂ ಗಾಜಿನಾಚೆಯಿಂದ. ಅಪ್ಪನ ವೇದಿಕೆಯ ಮುಂದೆ ನಿಂತ ಮಗನ ಕಣ್ಣಿಂದ ಬರೆ.

ಮುದುಕಿ ಮೇಣ ಸೋಸುವ ಭಾಗವನ್ನು ಮಾತ್ರ ಮುಟ್ಟಬೇಡ, ತುಂಬಾ ಚೆನ್ನಾಗಿದೆ. ಉಳಿದದ್ದನ್ನು ಮಳೆಗಾಲದೊಳಗೆ ತಿದ್ದಿ ಕಳಿಸು.

ನಿನ್ನ,
ಅಣ್ಣ