ಹಳೆ ಟೆಂಟ್ ಎಸೆಯೋದು ಬೇಡ, ರಿಪೇರಿ ಮಾಡೋಣ

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಗುಂಪಿನ ಹಳೆ ಟೆಂಟ್ ಅನ್ನು ಈ ಭಾನುವಾರ ಬೆಳಿಗ್ಗೆ ಧಾರವಾಡದ ನಮ್ಮ ಮನೆ ಟೆರೇಸ್ ಮೇಲೆ ಬಿಚ್ಚಿ ಸರಿ ಮಾಡೋಣ.

ಒಳಮೈ ಕೈಗೆ ಅಂಟುತ್ತಿದೆ, ಮುಗ್ಗಲು ವಾಸನೆಯೂ ಇದೆ. ನೀರು ತಡೆಯುವ ಪಾಲಿಯುರೆಥೇನ್ ಲೇಪ ತೇವಕ್ಕೆ ಹಾಳಾದಾಗ ಹೀಗೇ ಆಗುತ್ತದೆ. ಆದರೆ ಬಟ್ಟೆ ಇನ್ನೂ ಗಟ್ಟಿ ಇದೆ, ಇಂಥದ್ದನ್ನು ಸುಮ್ನೆ ಎಸೆಯಲು ಮನಸ್ಸು ಬರುವುದಿಲ್ಲ. ಬೆಚ್ಚನೆ ನೀರಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಮೆತ್ತಗೆ ಉಜ್ಜಿದರೆ ಹಳೆ ಲೇಪ ಬಿಡುತ್ತದೆ. ಆ ಹೊತ್ತಿಗೆ ಹತ್ತಿರ ಯಾರೂ ಬೆಂಕಿಕಡ್ಡಿ ಗೀರಬೇಡಿ. ಪೂರ್ತಿ ಒಣಗಿದ ಮೇಲೆಯೇ ಹೊಸ ಲೇಪ, ಆಮೇಲೆ ಹೊಲಿಗೆಗಳಿಗೆ ನೀರು ಒಳಬರದಂತೆ ಮುಚ್ಚುವ ಸೀಲರ್. ವಾಷಿಂಗ್ ಮೆಷಿನ್ ಬೇಡವೇ ಬೇಡ. ಒಣಗಿಸುವುದೂ ನೆರಳಲ್ಲೇ, ಬಿಸಿಲಿಗೆ ನೈಲಾನ್ ಬೇಗ ಸವೆಯುತ್ತದೆ.

ಜಿಪ್ಪಿಗೆ ಮೇಣದಬತ್ತಿ ತಿಕ್ಕಿದರೆ ಸಾಕು. ಕೋಲುಗಳ ಒಳಗಿನ ಎಲಾಸ್ಟಿಕ್ ದಾರ ಸಡಿಲಾಗಿದೆ, ಹುಬ್ಬಳ್ಳಿಯವರು ದುರ್ಗದಬೈಲ್ ಮಾರುಕಟ್ಟೆಯಲ್ಲಿ ಹೊಸದು ಸಿಕ್ಕರೆ ತನ್ನಿ.

ರಿಪೇರಿ ಆದಮೇಲೆ ಟೆಂಟ್ ಅನ್ನು ಗದಗ ಜಿಲ್ಲೆಯ ಕಪ್ಪತಗುಡ್ಡದಲ್ಲೇ ಹಾಕೋಣ ಅಂತ ಕೆಲವರು ಕೇಳಿದ್ದೀರಿ. ಅದು 2019ರಿಂದ ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಉಳಿಯುವಂತಿಲ್ಲ. ಹಾಗಾಗಿ ಟೆಂಟಿನಲ್ಲಿ ಮೊದಲ ರಾತ್ರಿ ಅಲ್ಲೇ ಸಮೀಪದ ಡಂಬಳದ ಹತ್ತಿರ ನಮ್ಮ ಮಾವನವರ ಹೊಲದಲ್ಲಿ. ಗಾಳಿ ಜಾಸ್ತಿ ಇರುತ್ತದೆ, ಗೂಟ ಎಷ್ಟು ಹಿಡಿಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬರುವವರು ಶುಕ್ರವಾರದೊಳಗೆ ಹೆಸರು ಹಾಕಿ. ಹಳೆ ಮೆತ್ತನೆ ಬ್ರಷ್ ಇದ್ದರೆ ತನ್ನಿ. ನಾಷ್ಟಾ ನಮ್ಮಲ್ಲೇ.