ಕಚೇರಿಯ ದರ್ಜೆ ಸೈಕಲ್ ಏರುವುದು ಬೇಡ

ಮಾನ್ಯ ಸಂಪಾದಕರೇ,

ವಿಶ್ವಸಂಸ್ಥೆಯು 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ಘೋಷಿಸಿದ ಮೇಲೆ, ಆ ದಿನ ನಮ್ಮ ಊರುಗಳಲ್ಲಿ ಸೈಕಲ್ ಜಾಥಾ ನಡೆಸುವುದು ವಾಡಿಕೆಯಾಗಿದೆ. ಕಚೇರಿ, ಬ್ಯಾಂಕು, ಕಾರ್ಖಾನೆಗಳ ನೌಕರರು ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಮೇಲಧಿಕಾರಿಗಳು ಬಾವುಟ ತೋರಿಸಿದೊಡನೆ ನಾಲ್ಕೈದು ಕಿಲೋಮೀಟರ್ ಸಾಗಿ, ಉಪಾಹಾರ ಮುಗಿಸಿ ಮನೆಗೆ ಮರಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ನಾನು ಬರೆಯಹೊರಟಿರುವುದು ಅದರ ಮುಂದಿನ ಭಾನುವಾರದ ಬಗ್ಗೆ. ಜಾಥಾದಲ್ಲಿ ಹುರುಪು ಹತ್ತಿದ ಹತ್ತು ಮಂದಿ ವಾಟ್ಸ್‌ಆ್ಯಪ್ ಗುಂಪೊಂದನ್ನು ಮಾಡಿಕೊಂಡು, ತಿಂಗಳ ಅಭ್ಯಾಸವೂ ಇಲ್ಲದೆ ಬೆಳಗಿನ ಜಾವ ಮೂವತ್ತು ಕಿಲೋಮೀಟರ್ ಆಚೆಯ ಊರಿಗೆ ಹೊರಟುಬಿಡುತ್ತಾರಲ್ಲ, ಆ ಸವಾರಿಯ ಬಗ್ಗೆ.

ನಾನು ಮೈಸೂರಿನ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ, ನಲವತ್ತೇಳು ದಾಟಿದ ಹೆಣ್ಣುಮಗಳು. ಆರು ವರ್ಷಗಳಿಂದ ಸಹೋದ್ಯೋಗಿಗಳ ಜೊತೆ ಸೈಕಲ್ ತುಳಿಯುತ್ತಿದ್ದೇನೆ. ಏಳು ಜನರಿಂದ ಆರಂಭವಾದ ನಮ್ಮ ತಂಡದಲ್ಲಿ ಈಗ ಹತ್ತೊಂಬತ್ತು ಜನರಿದ್ದಾರೆ. ಅವರಲ್ಲಿ ಇಬ್ಬರು ಶಾಲೆ ಬಿಟ್ಟ ಮೇಲೆ ಮುಟ್ಟಿರದ ಸೈಕಲ್ಲನ್ನು ಮತ್ತೆ ಕಲಿತದ್ದು, 2017ರಲ್ಲಿ ನಮ್ಮ ನಗರದಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ಲುಗಳ ಮೇಲೆ. ಈ ಹವ್ಯಾಸ ನನಗೆ ಕೊಟ್ಟಿರುವ ಆರೋಗ್ಯಕ್ಕಿಂತ, ಹತ್ತು ವರ್ಷ ಪಕ್ಕದ ಮೇಜಿನಲ್ಲಿ ಕುಳಿತರೂ ಪರಿಚಯವಾಗದ ಜನರನ್ನು ಪರಿಚಯಿಸಿದ್ದು ದೊಡ್ಡದು. ಆದ್ದರಿಂದ ಮುಂದೆ ಹೇಳುವುದನ್ನು ಸೈಕಲ್ ಸವಾರಿಯ ಮೇಲಿನ ದೂರು ಎಂದು ಯಾರೂ ತಿಳಿಯಬಾರದೆಂದು ಕೋರುತ್ತೇನೆ.

ನಮ್ಮ ಎರಡನೆಯ ವರ್ಷದಲ್ಲಿ, ಜನವರಿಯ ಒಂದು ಭಾನುವಾರ, ಒಂಬತ್ತು ಜನ ತಿ. ನರಸೀಪುರಕ್ಕೆ ಹೊರಟೆವು. ಹೋಗಿ ಬರಲು ಅರವತ್ತು ಕಿಲೋಮೀಟರಿನ ದಾರಿ. ತಂಡದ ಮುಂದೆ ಇದ್ದವರು ನಮ್ಮ ವಿಭಾಗದ ಮುಖ್ಯಸ್ಥರು. ಅವರು ಚೆನ್ನಾಗಿ ತುಳಿಯುವವರು, ಒಳ್ಳೆಯ ಮನುಷ್ಯರು ಕೂಡ. ಅವರ ಬೆನ್ನಿಗೆ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹುಡುಗನೊಬ್ಬ. ಅವನು ಅದಕ್ಕೂ ಮುಂಚೆ ಹದಿನೈದು ಕಿಲೋಮೀಟರಿಗಿಂತ ಹೆಚ್ಚು ತುಳಿದವನಲ್ಲ. ಹೋಗುವಾಗ ಎಲ್ಲವೂ ಸರಿಯಿತ್ತು. ಮರಳಿ ಬರುವಾಗ ಎದುರು ಗಾಳಿ ಎದ್ದಿತು, ಬಿಸಿಲೇರಿತು, ಆ ಹುಡುಗನ ತಲೆ ಹ್ಯಾಂಡಲ್ಲಿನ ಮೇಲೆ ಬಾಗತೊಡಗಿತು. ಹಿಂದಿನಿಂದ ನೋಡುತ್ತಿದ್ದ ನನಗೂ ಅದು ಕಾಣುತ್ತಿತ್ತು, ಆದರೆ ನಾನೂ ಏನನ್ನೂ ಹೇಳಲಿಲ್ಲ. ಹಳ್ಳಿಯೊಂದರ ಅಂಚಿನಲ್ಲಿ ಬಣ್ಣವಾಗಲಿ ಫಲಕವಾಗಲಿ ಇಲ್ಲದ ರಸ್ತೆ ಉಬ್ಬು ಹಠಾತ್ತನೆ ಎದುರಾಗಿ ಮುಖ್ಯಸ್ಥರು ಬ್ರೇಕು ಹಿಡಿದರು. ಅವರ ಹಿಂದಿನ ಚಕ್ರಕ್ಕೆ ಹುಡುಗನ ಮುಂದಿನ ಚಕ್ರ ತಗುಲಿತು. ಹೀಗೆ ತಗುಲಿದಾಗ ಬೀಳುವವರು ಸಾಮಾನ್ಯವಾಗಿ ಹಿಂದಿನವರೇ. ಮುಂದಿನ ಸವಾರನಿಗೆ ಒಂದು ಅದುರು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಹಿಂದಿನವರ ಹ್ಯಾಂಡಲ್ ತಿರುಗಿಬಿಡುತ್ತದೆ. ಅವನು ಬಲಭುಜದ ಮೇಲೆ ಬಿದ್ದ, ಕಾಲರ್ ಮೂಳೆ ಮುರಿಯಿತು. ಹೆಲ್ಮೆಟ್ ಒಡೆಯಿತು, ತಲೆ ಉಳಿಯಿತು.

ಹೊಲದಲ್ಲಿದ್ದ ರೈತರೊಬ್ಬರು ಓಡಿ ಬಂದು ತಮ್ಮ ಗೂಡ್ಸ್ ಆಟೊದಲ್ಲಿ ಅವನನ್ನು ಮಲಗಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಅವರು ಕೇಳುತ್ತಿದ್ದ ಒಂದೇ ಪ್ರಶ್ನೆ, ‘ಪೊಲೀಸ್ನೋರು ನನ್ನ ಹಿಡಿಯಲ್ವಾ?’ ಎಂಬುದು. ಅಪಘಾತದ ಗಾಯಾಳುವಿಗೆ ನೆರವಾದವರನ್ನು ಕಾಡದಂತೆ ರಕ್ಷಿಸುವ ಕಾಯ್ದೆಯನ್ನು ಕರ್ನಾಟಕದ ವಿಧಾನಮಂಡಲ 2016ರಲ್ಲೇ ಅಂಗೀಕರಿಸಿದ್ದು, 2019ರಲ್ಲಿ ತಿದ್ದುಪಡಿಯಾದ ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲೂ ಅಂಥದೇ ರಕ್ಷಣೆ ಇದ್ದರೂ, ಆ ಹೊಲದ ಬದುವಿಗೆ ಆ ಮಾತು ತಲುಪಿಯೇ ಇರಲಿಲ್ಲ. ಈಗ ನಮ್ಮ ತಂಡದವರು ದಾರಿಯಲ್ಲಿ ಚಹಾಕ್ಕೆ ನಿಂತಲ್ಲೆಲ್ಲ ಇದನ್ನು ಹೇಳುತ್ತೇವೆ.

ಮಾರನೆಯ ದಿನ ಆಸ್ಪತ್ರೆಯಲ್ಲಿ, ‘ಅಷ್ಟು ಸುಸ್ತಾಗಿದ್ದರೆ ನಿಲ್ಲಿಸಿ ಎನ್ನಬಾರದಿತ್ತೇ?’ ಎಂದು ನಾನು ಕೇಳಿದೆ. ಅವನು, ‘ಮುಂದೆ ಸಾರ್ ಇದ್ರಲ್ಲ ಮೇಡಂ, ಹೇಗೆ ಹೇಳಲಿ?’ ಎಂದ. ಅವನಿಗೆ ಪ್ರೊಬೇಷನ್ ಅವಧಿ ಇನ್ನೂ ಮುಗಿದಿರಲಿಲ್ಲ.

ಸೈಕಲ್ ಸವಾರಿಯ ಅಪಾಯವೆಂದರೆ ಲಾರಿ, ಗುಂಡಿ, ಬೀದಿನಾಯಿ ಎಂದು ನಾವೆಲ್ಲ ಎಣಿಸಿದ್ದೆವು. ಕಚೇರಿಯ ದರ್ಜೆಯೂ ನಮ್ಮೊಡನೆ ರಸ್ತೆಗಿಳಿದಿತ್ತು ಎಂಬುದು ನಮಗೆ ಹೊಳೆದಿರಲಿಲ್ಲ. ಸ್ನೇಹಿತರ ತಂಡದಲ್ಲಿ ಸುಸ್ತಾದವರು ‘ಲೋ, ನಿಲ್ಸೋ’ ಎಂದು ಕೂಗುತ್ತಾರೆ. ಸಹೋದ್ಯೋಗಿಗಳ ತಂಡದಲ್ಲಿ ಆ ಕೂಗು ಗಂಟಲಲ್ಲೇ ಉಳಿಯುತ್ತದೆ. ಕಿರಿಯರು ಮೇಲಧಿಕಾರಿಯನ್ನು ಹಿಂದೆ ಹಾಕಲು ಹಿಂಜರಿಯುತ್ತಾರೆ, ತಡೆಯಲೂ ಹಿಂಜರಿಯುತ್ತಾರೆ. ಅಧಿಕಾರಿಗೆ ತಾನು ವೇಗ ಹೆಚ್ಚಿಸಿದ್ದು ಗೊತ್ತೇ ಆಗುವುದಿಲ್ಲ, ಏಕೆಂದರೆ ಹಿಂದಿನಿಂದ ಯಾವ ದನಿಯೂ ಬರುತ್ತಿರುವುದಿಲ್ಲ. ನಮ್ಮ ಮುಖ್ಯಸ್ಥರು ಇದನ್ನು ತಿಳಿದು ಬಹಳ ನೊಂದುಕೊಂಡರು. ತಪ್ಪು ಅವರೊಬ್ಬರದಲ್ಲ, ಕಂಡೂ ಬಾಯಿ ಬಿಡದ ನನ್ನದೂ ಹೌದು.

ಅಂದಿನಿಂದ ನಾವು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದೇವೆ. ಆ ದಿನದ ಸವಾರಿಗೆ ಹೊಸಬರು ಯಾರೋ ಅವರ ವೇಗವೇ ತಂಡದ ವೇಗ. ಮುಂದೆ ಹೋಗುವವರನ್ನು ಅನುಭವ ನೋಡಿ ಸರದಿಯ ಮೇಲೆ ಆರಿಸುತ್ತೇವೆ, ಹುದ್ದೆ ನೋಡಿ ಅಲ್ಲ. ನಮ್ಮ ಕಚೇರಿಯ ವಾಹನ ಚಾಲಕರೊಬ್ಬರು ಎಷ್ಟೋ ಬಾರಿ ತಂಡವನ್ನು ನಡೆಸಿದ್ದಾರೆ. ರಸ್ತೆ ಓದುವುದರಲ್ಲಿ ಅವರ ಸಮಕ್ಕೆ ಯಾರೂ ಇಲ್ಲ. ಯಾರೇ ಆಗಲಿ ಕೈಯೆತ್ತಿದರೆ ತಂಡ ನಿಲ್ಲಬೇಕು, ಏಕೆ ಎಂದು ಕೇಳುವಂತಿಲ್ಲ. ಮೊದಲ ಆರು ತಿಂಗಳು ಯಾರೂ ಇನ್ನೊಬ್ಬರ ಚಕ್ರಕ್ಕೆ ಅಂಟಿಕೊಂಡು ಹೋಗುವಂತಿಲ್ಲ. ಮುಂದಿನವರ ಹಿಂದೆ ಸನಿಹದಲ್ಲಿ ತುಳಿದರೆ ಗಾಳಿಯ ತಡೆ ಎದ್ದು ಕಾಣುವಷ್ಟು ಕಡಿಮೆಯಾಗಿ ಶ್ರಮ ಉಳಿಯುತ್ತದೆ ಎಂಬುದು ನಿಜ, ಅದಕ್ಕಾಗಿಯೇ ಪಂದ್ಯಗಳಲ್ಲಿ ಹಾಗೆ ಸಾಗುತ್ತಾರೆ. ಆದರೆ ಅದು ವರ್ಷಗಟ್ಟಲೆ ಒಟ್ಟಿಗೆ ತುಳಿದು, ಒಬ್ಬರ ಚಲನೆ ಇನ್ನೊಬ್ಬರಿಗೆ ಕೈಗನ್ನಡಿಯಂತೆ ತಿಳಿದವರ ವಿದ್ಯೆ. ಹೊಸಬರು ಎರಡು ಸೈಕಲ್ ಉದ್ದದಷ್ಟು ಅಂತರ ಬಿಡಬೇಕು.

ತರಬೇತಿಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲು ಅವಕಾಶ ಕೊಡಿ, ಏಕೆಂದರೆ ಹೊಸದಾಗಿ ತಂಡ ಕಟ್ಟುವವರು ನಮ್ಮನ್ನು ಕೇಳುವುದು ‘ಎಷ್ಟು ಸಾವಿರದ ಸೈಕಲ್ ಕೊಳ್ಳಬೇಕು?’ ಎಂಬುದನ್ನೇ. ಅದಕ್ಕಿಂತ ಮುಖ್ಯವಾದದ್ದು ಸೀಟಿನ ಎತ್ತರ. ಪೆಡಲ್ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಹಾಗಿದ್ದರೆ, ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ. ಕಾಲು ನೆಲಕ್ಕೆ ತಾಗಲಿ ಎಂದು ಸೀಟು ತಗ್ಗಿಸಿಕೊಂಡವರು ಮೂರು ವಾರದಲ್ಲಿ ಮಂಡಿನೋವೆಂದು ಸೈಕಲ್ಲನ್ನು ಮೂಲೆಗಿಡುವುದನ್ನು ಕಂಡಿದ್ದೇನೆ. ಇನ್ನೊಂದು ತಪ್ಪು, ಭಾರವಾದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು. ಹಗುರ ಗೇರಿನಲ್ಲಿ ನಿಮಿಷಕ್ಕೆ ಎಪ್ಪತ್ತು ಎಂಬತ್ತು ಸುತ್ತು ಕಾಲು ತಿರುಗುವಂತೆ ಅಭ್ಯಾಸ ಮಾಡಿದರೆ ಮಂಡಿಯೂ ಉಳಿಯುತ್ತದೆ, ದೂರವೂ ಸಾಗುತ್ತದೆ. ಮೊದಲ ತಿಂಗಳು ವಾರಕ್ಕೆ ಮೂರು ದಿನ ಹತ್ತರಿಂದ ಹದಿನೈದು ಕಿಲೋಮೀಟರ್ ಸಮತಟ್ಟಾದ ದಾರಿ ಸಾಕು. ಆ ಮೇಲೆ ವಾರವಾರವೂ ಸ್ವಲ್ಪ ಸ್ವಲ್ಪವೇ ದೂರ ಹೆಚ್ಚಿಸಿ, ಮೂರು ತಿಂಗಳಿಗೆ ನಂಜನಗೂಡಿಗೆ ಹೋಗಿ ಬರಬಹುದು. ಪಂಕ್ಚರ್ ಹಾಕುವುದನ್ನು ಎಲ್ಲರೂ ಮನೆಯಲ್ಲೇ ಕಲಿತಿರಬೇಕು. ಪ್ರೆಸ್ಟಾ ಎಂಬ ತೆಳು ಮೂತಿಯ ವಾಲ್ವ್ ಇರುವ ಟ್ಯೂಬಿಗೆ ಪೆಟ್ರೋಲ್ ಬಂಕಿನ ಗಾಳಿ ನೇರವಾಗಿ ಹಿಡಿಯುವುದಿಲ್ಲ ಎಂಬುದು ಅನೇಕರಿಗೆ ಗೊತ್ತಾಗುವುದು ಊರಿಂದ ಇಪ್ಪತ್ತು ಕಿಲೋಮೀಟರ್ ಆಚೆ ನಿಂತಾಗಲೇ.

ಚಾಮುಂಡಿ ಬೆಟ್ಟವನ್ನು ನಾವು ನಾಲ್ಕನೆಯ ತಿಂಗಳಿಗೆ ಮುಂಚೆ ಯಾರಿಗೂ ಸೂಚಿಸುವುದಿಲ್ಲ. ನಗರದ ಮಟ್ಟದಿಂದ ಸುಮಾರು ಮುನ್ನೂರು ಮೀಟರ್ ಮೇಲಿರುವ ಅದನ್ನು ಹತ್ತುವುದು ಕಷ್ಟವೆಂದು ಎಲ್ಲರಿಗೂ ಗೊತ್ತು. ಇಳಿಯುವುದು ಹೆಚ್ಚು ಅಪಾಯಕಾರಿ ಎಂಬುದು ಬಿದ್ದವರಿಗೆ ಮಾತ್ರ ಗೊತ್ತು. ತಿರುವಿನೊಳಗೆ ಹೋದ ಮೇಲೆ ಬ್ರೇಕು ಹಿಡಿದರೆ ಚಕ್ರ ಜಾರುತ್ತದೆ. ತಿರುವು ಬರುವ ಮೊದಲೇ ಎರಡೂ ಬ್ರೇಕುಗಳನ್ನು ಹದವಾಗಿ ಹಿಡಿದು ವೇಗ ಇಳಿಸಿಕೊಳ್ಳಬೇಕು. ದಾರಿಗೆ ಕೋತಿಗಳು ಇಳಿಯುತ್ತವೆ, ವಾಹನಗಳು ಎದುರಾಗುತ್ತವೆ. ಅಲ್ಲಿ ‘ಯಾರು ಮೊದಲು ಕೆಳಗೆ ತಲುಪುತ್ತಾರೆ’ ಎಂಬ ಪೈಪೋಟಿಯನ್ನು ನಾನು ಕಂಡಿದ್ದೇನೆ, ಕಂಡು ಹೆದರಿದ್ದೇನೆ.

ಮಹಿಳಾ ಸಹೋದ್ಯೋಗಿಗಳ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಐವರಿದ್ದೇವೆ. ಬಹುಕಾಲ ನಾವು ನೀರು ಕುಡಿಯದೆ ತುಳಿಯುತ್ತಿದ್ದೆವು, ಏಕೆಂದರೆ ದಾರಿಯಲ್ಲಿ ಶೌಚಾಲಯ ಎಲ್ಲಿದೆಯೆಂದು ಗಂಡಸರ ಮುಂದೆ ಕೇಳುವುದು ಹೇಗೆ? ಬಿಸಿಲಿನಲ್ಲಿ ಹಾಗೆ ಮಾಡುವುದು ಎಷ್ಟು ಅಪಾಯವೆಂದು ವೈದ್ಯರು ಹೇಳಬೇಕಿಲ್ಲ. ಈಗ ದಾರಿ ನಿಗದಿಯಾಗುವಾಗಲೇ ಶೌಚಾಲಯವಿರುವ ಪೆಟ್ರೋಲ್ ಬಂಕು, ಹೋಟೆಲುಗಳನ್ನು ಗುರುತಿಸಿ, ಎಲ್ಲರಿಗೂ ಅಲ್ಲಿ ಕಡ್ಡಾಯ ನಿಲುಗಡೆ ಎಂದು ಮೊದಲೇ ತಿಳಿಸುತ್ತೇವೆ. ಎಲ್ಲರೂ ನಿಲ್ಲುವುದರಿಂದ ಯಾರೂ ಕೇಳಬೇಕಾಗಿಲ್ಲ. ಇಷ್ಟು ಸಣ್ಣ ಬದಲಾವಣೆಯ ನಂತರವೇ ಇನ್ನಿಬ್ಬರು ಹೆಣ್ಣುಮಕ್ಕಳು ತಂಡಕ್ಕೆ ಬಂದರು.

ನಿಧಾನವಾಗಿ ಹೋದರೆ ಸಾಧನೆ ಆಗದು ಎನ್ನುವವರಿಗೆ ಬ್ರೆವೆ ಸವಾರಿಗಳನ್ನು ನೆನಪಿಸುತ್ತೇನೆ. ಫ್ರಾನ್ಸಿನಲ್ಲಿ ಹುಟ್ಟಿ ಬೆಂಗಳೂರು, ಮೈಸೂರುಗಳವರೆಗೂ ಬಂದಿರುವ ಈ ದೂರದ ಸವಾರಿಗಳಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ, 300 ಕಿಲೋಮೀಟರನ್ನು 20 ಗಂಟೆಯೊಳಗೆ, 600 ಕಿಲೋಮೀಟರನ್ನು 40 ಗಂಟೆಯೊಳಗೆ ಮುಗಿಸಬೇಕು. ಲೆಕ್ಕ ಹಾಕಿದರೆ, ಊಟ, ವಿಶ್ರಾಂತಿ, ಪಂಕ್ಚರ್ ಎಲ್ಲವೂ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್ ಅಷ್ಟೇ. ಮೊದಲು ಬಂದವರಿಗೆ ಪ್ರತ್ಯೇಕ ಮನ್ನಣೆಯಿಲ್ಲ, ಅವಧಿಯೊಳಗೆ ಬಂದವರೆಲ್ಲರೂ ಸಮಾನರು. ಅಂದು ಬಿದ್ದ ಹುಡುಗ ಚೇತರಿಸಿಕೊಂಡು, ಎರಡು ವರ್ಷ ತಾಳ್ಮೆಯಿಂದ ಅಭ್ಯಾಸ ಮಾಡಿ, 200 ಕಿಲೋಮೀಟರ್ ಬ್ರೆವೆಯನ್ನು ಹನ್ನೆರಡು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಸಿದ. ಮುಗಿಸಿದ ಜಾಗದಲ್ಲಿ ನಮ್ಮ ಮುಖ್ಯಸ್ಥರು ಎಳನೀರು ಹಿಡಿದು ಕಾದಿದ್ದರು.

ರಸ್ತೆಗಳ ಹೊಣೆ ಹೊತ್ತವರಲ್ಲಿ ನನ್ನ ಮನವಿ ಎರಡೇ. ಉಬ್ಬುಗಳು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ನಮ್ಮ ಹಳ್ಳಿ ರಸ್ತೆಗಳಲ್ಲಿ ಇರುವುದು ಒಂದೇ ಅಡಿ ಅಗಲದ, ಗೋಡೆಯಂತೆ ಎದ್ದ ಡಾಂಬರಿನ ದಿಣ್ಣೆಗಳು. ಅವನ್ನು ಸರಿಪಡಿಸುವವರೆಗಾದರೂ ಬಿಳಿ ಬಣ್ಣ ಬಳಿಯಲಿ. ಎರಡನೆಯದಾಗಿ, 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಂತೆ ಸೈಕಲ್ಲಿಗೂ ಪ್ರವೇಶವಿಲ್ಲ. ಆ ನಿರ್ಬಂಧ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ನಮಗೆ ಉಳಿದಿರುವ ಸರ್ವಿಸ್ ರಸ್ತೆಗಳಲ್ಲಿ ಎದುರು ದಿಕ್ಕಿನಿಂದ ನುಗ್ಗುವ ವಾಹನಗಳನ್ನು ತಡೆಯುವವರು ಯಾರಾದರೂ ಬೇಕು. ಜನವರಿಯಲ್ಲಿ ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಒಕ್ಕಣೆಗೆ ಹರಡುವುದರ ಬಗ್ಗೆ ನಮ್ಮ ತಂಡದಲ್ಲೇ ಕೆಲವರಿಗೆ ಸಿಟ್ಟಿದೆ, ಏಕೆಂದರೆ ಹೊಟ್ಟು ಚೈನಿಗೆ ಸುತ್ತಿಕೊಳ್ಳುತ್ತದೆ, ಚಕ್ರ ಜಾರುತ್ತದೆ. ಕಣ ಮಾಡಿಕೊಳ್ಳಲು ಜಾಗವಿಲ್ಲದ ರೈತನ ಮೇಲೆ ಸಿಟ್ಟಾಗುವ ಬದಲು ಊರಿಗೊಂದು ಒಕ್ಕಣೆ ಕಣ ಕೇಳುವುದರಲ್ಲಿ ನಾವು ಅವರ ಜೊತೆ ನಿಲ್ಲಬೇಕು. ಅದುವರೆಗೆ ಇಳಿದು, ತಳ್ಳಿಕೊಂಡು ದಾಟಿದರೆ ನಮಗೇನೂ ನಷ್ಟವಿಲ್ಲ.

ಇನ್ನು ಕಚೇರಿಗಳ ಮುಖ್ಯಸ್ಥರಲ್ಲಿ. ತಮ್ಮ ಸಿಬ್ಬಂದಿಯ ಜೊತೆ ಸೈಕಲ್ ತುಳಿಯಬೇಕೆಂಬ ತಮ್ಮ ಆಸೆ ದೊಡ್ಡದು. ಸೈಕಲ್ ನಿಲ್ಲಿಸಲು ನೆರಳಿರುವ ಜಾಗ, ಬೆವರು ತೊಳೆದುಕೊಳ್ಳಲು ಒಂದು ಸ್ನಾನದ ಕೋಣೆ, ಇವನ್ನು ಒದಗಿಸಲು ತಮ್ಮಿಂದ ಮಾತ್ರ ಸಾಧ್ಯ. ಟೀ ಶರ್ಟು ಹಂಚುವ ಹಣದಲ್ಲಿ ಅರ್ಧವನ್ನು ಹೆಲ್ಮೆಟ್ಟಿಗೂ ಹಿಂದಿನ ಕೆಂಪು ದೀಪಕ್ಕೂ ತೆಗೆದಿಡಿ. ಭಾನುವಾರದ ಸವಾರಿಗೆ ಬಾರದವರ ಬಗ್ಗೆ ಸೋಮವಾರ ಯಾವ ಮಾತೂ ಬೇಡ, ಬಂದು ಹಿಂದೆ ಬಿದ್ದವರ ಬಗ್ಗೆ ತಮಾಷೆಯೂ ಬೇಡ. ನಮ್ಮ ಮುಖ್ಯಸ್ಥರು ಆ ಅಪಘಾತದ ನಂತರ ಮಾಡಿಕೊಂಡ ಏರ್ಪಾಡನ್ನು ತಾವೂ ದಯವಿಟ್ಟು ಪರಿಶೀಲಿಸಿ: ಹೊಸಬರಿರುವ ದಿನ ಅವರು ಪಂಪು, ಟ್ಯೂಬು, ಬಾಳೆಹಣ್ಣಿನ ಚೀಲ ಹೊತ್ತು ಎಲ್ಲರಿಗಿಂತ ಕೊನೆಯಲ್ಲಿ ಬರುತ್ತಾರೆ. ಯಾರ ತಲೆ ಬಾಗುತ್ತಿದೆ ಎಂಬುದು ಅಲ್ಲಿಂದ ಅವರಿಗೆ ಕಾಣುತ್ತದೆ. ಕಂಡರೆ ಮೊದಲು ಕೈಯೆತ್ತುವವರು ಅವರೇ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಳು, ಮೈಸೂರು