ಬೆಳೆಯುವ ಮನೆಗೂ ನಕ್ಷೆ ಬೇಕು

ಮಾನ್ಯರೇ,

ಕೋಲಾರದ ಹೊರವಲಯದಲ್ಲಿ 20×30 ಅಡಿ ನಿವೇಶನಗಳಲ್ಲಿ ಏಳುತ್ತಿರುವ ಮನೆಗಳನ್ನು ನೋಡಿದರೆ, ಮುಂದೆ ಮಹಡಿ ಕಟ್ಟುವ ಆಸೆಯಿಂದ ತಾರಸಿಯ ಮೇಲೆ ಬಿಟ್ಟ ಕಂಬಿಗಳು ತುಕ್ಕು ಹಿಡಿದಿರುತ್ತವೆಯೇ ಹೊರತು, ಮೆಟ್ಟಿಲು ಎಲ್ಲಿಂದ ಏರಬೇಕು, ನೀರಿನ ಪೈಪು ಎಲ್ಲಿ ಹಾಯಬೇಕು ಎಂಬ ಯೋಚನೆ ಕಾಣುವುದಿಲ್ಲ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್. ಮಗನ ಮದುವೆಯಾದೊಡನೆ ಸಾಲದಾಗುವ ಅಳತೆಯಿದು. ಅಡುಗೆಮನೆ, ಬಚ್ಚಲು ಎರಡನ್ನೂ ಒಂದೇ ಗೋಡೆಯ ಆಚೀಚೆ ಇಟ್ಟು, ಸೂರಿನ ಭಾರವನ್ನು ಕಂಬಗಳಿಗೆ ವಹಿಸಿದರೆ, ಒಳಗೋಡೆಗಳನ್ನು ಬೇಕೆಂದಾಗ ಸರಿಸಬಹುದು. ನಮ್ಮ ಕಡೆಯ ಹಳೆಯ ಕಲ್ಲುಚಪ್ಪಡಿ ಮನೆಗಳಲ್ಲಿ ಈ ಗುಣ ಇದ್ದೇ ಇತ್ತು. ಬಿಚ್ಚಿದ ಚಪ್ಪಡಿ ದನದ ಕೊಟ್ಟಿಗೆಗಾದರೂ ಒದಗುತ್ತಿತ್ತು. ಹಂತಹಂತವಾಗಿ ವಿಸ್ತರಿಸಬಹುದಾದ ಎರಡು ಮೂರು ಮಾದರಿ ನಕ್ಷೆಗಳನ್ನು ಮಂಜೂರಾತಿ ಪತ್ರದ ಜೊತೆಯಲ್ಲೇ ಫಲಾನುಭವಿಗಳಿಗೆ ಕೊಡುವ ವ್ಯವಸ್ಥೆಯನ್ನು ಜಿಲ್ಲಾ ಪಂಚಾಯಿತಿ ಮಾಡಲಿ.

– ಒಬ್ಬ ಓದುಗ, ಕೋಲಾರ